ಎಂಡೆಲನ ಕೆರೆ, ಸಾಲ್ಮೆಯ ನದಿ

ಸಾಲ್ಮೆಗೆ ಹನ್ನೊಂದು ತುಂಬಿದ ವರ್ಷ ಕುರ್ನ ನದಿಗೆ ಅಡ್ಡಲಾಗಿ ಕಟ್ಟೆ ಎದ್ದಿತು. ಅವಳ ತಮ್ಮ ಎಂಡೆಲ್ ಆಗಿನ್ನೂ ತೊಟ್ಟಿಲ ಕೂಸು. ಒಂದೇ ತಾಯಿಯ ಮಕ್ಕಳಾದರೂ ಮುಂದೆ ಇಬ್ಬರೂ ಬೇರೆ ಬೇರೆ ಊರಿನಲ್ಲಿ ಬೆಳೆದವರ ಹಾಗೆ ಮಾತಾಡುತ್ತಿದ್ದರು. ಅಕ್ಕನ ಬಾಲ್ಯದಲ್ಲಿ ಹಿತ್ತಲಿನಾಚೆ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತ ಹರಿಯುವ ನದಿಯಿತ್ತು. ತಮ್ಮನ ಬಾಲ್ಯದಲ್ಲಿ ಅದೇ ಜಾಗದಲ್ಲಿ ಅಲುಗದ ನೀರಿನ ಕೆರೆಯಿತ್ತು.

ಅವರ ಅಪ್ಪ ಮಿಹ್ಕೆಲ್ ಮೀನುಗಾರ. ಮೇ ತಿಂಗಳಲ್ಲಿ ದಂಡೆಯ ಮರಗಳು ಬಿಳಿ ಹೂ ಬಿಟ್ಟವೆಂದರೆ ಸಮುದ್ರದಿಂದ ವಿಂಬ ಮೀನುಗಳು ಮೇಲೇರಿ ಬರುತ್ತವೆಂದು ಊರಿಗೆಲ್ಲ ಗೊತ್ತಿತ್ತು. ಮೊಟ್ಟೆಯಿಡಲು ಅವಕ್ಕೆ ರಭಸದ ನೀರೂ ಕೆಳಗೆ ಹರಳುಕಲ್ಲೂ ಬೇಕು. ಮನೆಮನೆಯಲ್ಲೂ ಮೀನನ್ನು ಹೊಗೆಯಲ್ಲಿ ಒಣಗಿಸುವ ಹೊಗೆಗೂಡಿಗೆ ಬೆಂಕಿ ಹಾಕುತ್ತಿದ್ದರು. ಆ ಹದಿನೈದು ದಿನ ಶಾಲೆಗೆ ಹೋದ ಮಕ್ಕಳ ಜಡೆಯೂ ಹೊಗೆ ನಾರುತ್ತಿತ್ತು, ಮೇಷ್ಟ್ರ ಕೋಟೂ ನಾರುತ್ತಿತ್ತು, ಯಾರೂ ಯಾರನ್ನೂ ಬೈಯುವ ಹಾಗಿರಲಿಲ್ಲ.

ಕಟ್ಟೆ ಮುಗಿದ ಮರುವಸಂತ ಮೀನು ಎಂದಿನಂತೆಯೇ ಬಂತು. ಬಂದದ್ದು ಕಾಂಕ್ರೀಟಿಗೆ ಹಣೆ ಚಚ್ಚಿಕೊಂಡು ನಿಂತಿತು. ಬಲೆಯೇ ಬೇಡವಾಯಿತು. ಜನ ಬಕೆಟ್ಟಿನಲ್ಲಿ, ಬುಟ್ಟಿಯಲ್ಲಿ ಮೊಗೆದರು, ಒಬ್ಬ ಪುಣ್ಯಾತ್ಮನಂತೂ ತೊಟ್ಟಿಲಲ್ಲೇ ಮೊಗೆದುಕೊಂಡು ಹೋದ. ಅಂಥ ಸುಗ್ಗಿಯನ್ನು ಊರು ಕಂಡಿರಲಿಲ್ಲ. ಮಿಹ್ಕೆಲ್ ಮಾತ್ರ ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದ. ಹೆಂಡತಿ ಬುಟ್ಟಿ ಹಿಡಿದು ಬಂದರೆ, "ಬಾಗಿಲು ತಟ್ಟೋರನ್ನ ಹಿಡಿದು ತಿನ್ನೋದಾ? ಮನೆಗೆ ನಡಿ" ಎಂದನಂತೆ. ಮುಂದಿನ ವರ್ಷ ಮೀನು ಕಡಿಮೆಯಾಯಿತು, ಅದರಾಚೆ ಇನ್ನೂ ಕಡಿಮೆ. ಆಮೇಲೆ ಮರಗಳು ಹೂ ಬಿಟ್ಟವು, ಅಷ್ಟೆ. ಮಿಹ್ಕೆಲ್ ಕಡಲತಡಿಯಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗೆ ಕೂಲಿಗೆ ಸೇರಿದ. ವಾರಕ್ಕೊಮ್ಮೆ ಮನೆಗೆ ಬಂದಾಗ ಅವನ ಮೈಯಿಂದ ಬರುತ್ತಿದ್ದುದು ಟೊಮೇಟೊ ರಸದ ವಾಸನೆ. ಸಾಲ್ಮೆಗೆ ಅದನ್ನು ಕೊನೆಯವರೆಗೂ ಸಹಿಸಲಾಗಲಿಲ್ಲ.

ಎಂಡೆಲನಿಗೆ ಇದೆಲ್ಲ ಹಳೆಯ ಕಥೆ. ಅವನು ಈಜು ಕಲಿತದ್ದು ಕೆರೆಯಲ್ಲಿ, ಚಳಿಗಾಲದಲ್ಲಿ ಜಾರಾಟ ಕಲಿತದ್ದು ಅದರ ಮಂಜುಗಡ್ಡೆಯ ಮೇಲೆ. ದೊಡ್ಡವನಾಗಿ ಕಟ್ಟೆಯ ಕಾವಲುಗಾರನಾದ. ತೂಬು ಎತ್ತುವುದು, ಇಳಿಸುವುದು, ಸಿಕ್ಕಿಕೊಂಡ ಮರದ ದಿಮ್ಮಿ ಎಳೆಯುವುದು ಅವನ ಕೆಲಸ. ಕೆರೆದಂಡೆಯ ಕುಣಿತದಲ್ಲಿ ಕಣ್ಣಿಗೆ ಬಿದ್ದ ಹಿಲ್ಯಳನ್ನೇ ಮದುವೆಯಾದ. ಆ ಹಿಲ್ಯ ಎಂಥ ಹೆಂಗಸೆಂದರೆ, ಮಂಜು ಒಡೆದ ದಿನದಿಂದ ಮತ್ತೆ ಮಂಜು ಕಟ್ಟುವವರೆಗೂ ದಿನಾ ಬೆಳಗ್ಗೆ ಕೆರೆಯನ್ನು ಈಜಿ ದಾಟಿ ವಾಪಸು ಬರುತ್ತಿದ್ದಳು. ಎಂಡೆಲ್ ಕಟ್ಟೆಯ ಮೇಲೆ ನಿಂತು ಅವಳ ಕೆಂಪು ಟೋಪಿಯನ್ನು ಕಾಯುತ್ತಿದ್ದ. ಅವಳು ಕಾಯಿಲೆ ಬಿದ್ದು ತೀರಿಕೊಂಡ ಮೇಲೂ ಅದೇ ಹೊತ್ತಿಗೆ ಅಲ್ಲಿಗೆ ಹೋಗಿ ನಿಲ್ಲುವುದನ್ನು ಅವನು ಬಿಡಲಿಲ್ಲ.

ಕಟ್ಟೆಯ ನೀರಿನಿಂದ ನಡೆಯುತ್ತಿದ್ದ ಗಿರಣಿ ಮುಚ್ಚಿ, ಅದರಿಂದ ಯಾರಿಗೂ ಪ್ರಯೋಜನವಿಲ್ಲವೆಂದಾದ ಮೇಲೆ, ಅದನ್ನು ಒಡೆದು ನದಿಯನ್ನು ಮೊದಲಿನಂತೆ ಹರಿಯಬಿಡುವ ಮಾತು ಬಂತು. ನದಿಯ ಕೆಲಸಕ್ಕೆಂದು ಪಟ್ಟಣದಿಂದ ಬಂದ ಟ್ರೀನು ಎಂಬ ಹುಡುಗಿ ಊರ ಸಭೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಮೀನು ಹತ್ತಲು ಕಟ್ಟೆಯ ಪಕ್ಕ ಮೆಟ್ಟಿಲು ಕಟ್ಟಬಹುದು, ಆದರೆ ಮೊಟ್ಟೆಯಿಡುವ ಹರಳುಕಲ್ಲೆಲ್ಲ ಕೆರೆಯ ಹೂಳಿನಡಿ ಹೂತುಹೋಗಿದೆ. ನೀರು ಹರಿದರೆ ಮಾತ್ರ ಆ ಹೂಳು ತೊಳೆದುಹೋದೀತು.

"ಮೀನು ಬರ್ದಿದ್ರೆ ಏನ್ಮಾಡ್ತೀಯಮ್ಮಾ? ಕೆರೆ ವಾಪಸ್ ಕೊಡ್ತೀಯಾ?" ಎಂದು ಕೇಳಿದವಳು ಅಂಗಡಿಯ ಉರ್ವೆ.

"ಕೊಡಕ್ಕಾಗಲ್ಲ" ಎಂದಳು ಟ್ರೀನು. ಹುಡುಗಿ ಸುಳ್ಳು ಹೇಳಲಿಲ್ಲವೆಂಬುದು ಸಾಲ್ಮೆಗೆ ಹಿಡಿಸಿತು.

ಎಂಡೆಲ್ ಎದ್ದು ನಿಂತ. "ಅರವತ್ತು ವರ್ಷದಿಂದ ಕಾಣದ ಮೀನಿಗೋಸ್ಕರ ಕಣ್ಣೆದುರಿಗಿರೋ ಕೆರೆ ಒಡೀತೀರಾ? ನಮ್ಮ ಮಕ್ಳು ಎಲ್ಲಿ ಈಜಬೇಕು? ಬಚ್ಚಲಲ್ಲಾ?"

ಜನ ನಕ್ಕರು. ಕೈ ಎತ್ತುವ ಹೊತ್ತು ಬಂದಾಗ ಎಂಡೆಲ್ ಹಿಂದಿರುಗಿ ನೋಡಿದ. ಕಟ್ಟೆ ಹೋಗಲಿ ಎಂದವರ ಸಾಲಿನಲ್ಲಿ ಅಕ್ಕನ ಕೈಯೂ ಮೇಲಿತ್ತು.

"ನೀನೂನಾ ಅಕ್ಕಾ?"

ಸಾಲ್ಮೆ ಕೈ ಇಳಿಸಲಿಲ್ಲ. ಅವಳ ಕಣ್ಣಿಗೆ ಕಟ್ಟಿದ್ದು ದಂಡೆಯಲ್ಲಿ ಕೈಕಟ್ಟಿ ನಿಂತ ಅಪ್ಪ. ತಮ್ಮನ ಮುಖ ನೋಡಬಾರದೆಂದು ಅವಳು ಎದುರಿನ ಗೋಡೆಯನ್ನೇ ನೋಡುತ್ತ ಕೂತಳು.

ಅದೇ ಆಗಸ್ಟಿನಲ್ಲಿ ನೀರು ಇಳಿಸತೊಡಗಿದರು. ಕೆರೆ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಕುಗ್ಗುತ್ತ ಹೋಯಿತು. ಎಂಡೆಲ್ ತನ್ನ ದೋಣಿಯನ್ನು ಉಳಿದ ನೀರಿಗೆ ತಳ್ಳಿಕೊಂಡು ಹೋಗಿ ಅದರಲ್ಲಿ ಸುಮ್ಮನೆ ಕೂರುತ್ತಿದ್ದ. ಗಾಳ ಹಾಕುತ್ತಿರಲಿಲ್ಲ, ಹುಟ್ಟೂ ಹಾಕುತ್ತಿರಲಿಲ್ಲ. ಕೊನೆಗೊಂದು ದಿನ ದೋಣಿಯ ತಳ ಕೆಸರಿಗೆ ತಾಗಿ ವಾಲಿತು. ಅವನು ಮಂಡಿಯುದ್ದ ಕೆಸರಿನಲ್ಲಿ ಕಾಲೆಳೆಯುತ್ತ ದಡ ಸೇರಿದ್ದನ್ನು ಸಾಲ್ಮೆ ಅಡಿಗೆಮನೆಯ ಕಿಟಕಿಯಿಂದ ಕಂಡಳು. ಗಂಜಿಯ ಪಾತ್ರೆಯನ್ನು ಬರಿತೋಳಲ್ಲೇ ಅವಚಿಕೊಂಡು ಅವನ ಮನೆಗೆ ಓಡಿದಳು.

ಬಾಗಿಲು ತೆರೆಯಲಿಲ್ಲ. ಒಳಗಿನಿಂದ ದನಿ ಮಾತ್ರ ಬಂತು. "ನನ್ನ ಕೆರೆ ಕುಡಿದೋಳಿಗೆ ನನ್ನ ಮನೇಲಿ ಚಹಾ ಇಲ್ಲ."

"ಚಹಾ ಕೇಳಕ್ಕೆ ಬರ್ಲಿಲ್ಲ ಕಣೋ. ಬಾರ್ಲಿ ಗಂಜಿ ತಂದಿದೀನಿ."

"ನಿನ್ನ ಮೀನಿಗೆ ಹಾಕು."

ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಬಂದಳು. ಮರುದಿನ ಅದು ಅಲ್ಲೇ ಇತ್ತು. ಗಂಜಿ ಖಾಲಿಯಾಗಿತ್ತು. ತಿಂದದ್ದು ತಮ್ಮನೋ ಪಕ್ಕದ ಮನೆಯ ನಾಯಿಯೋ ಎಂದು ಅವಳು ಬಹಳ ದಿನ ಯೋಚಿಸಿದಳು.

ಕಟ್ಟೆ ಒಡೆದದ್ದೇನೋ ಆಯಿತು, ಆದರೆ ಅವಳ ನದಿ ಬರಲಿಲ್ಲ. ಬಂದದ್ದು ಕಪ್ಪು ಕೆಸರು, ಸತ್ತ ಚಿಪ್ಪುಗಳ ನಾತ, ಹಳೆಯ ಟಯರು, ಯಾರದೋ ಹೊಲಿಗೆ ಯಂತ್ರ. ನಡುವೆ ಮಣ್ಣುಬಣ್ಣದ ನೀರು ದಾರಿ ಮರೆತಂತೆ ಅತ್ತಿತ್ತ ತಡಕಾಡುತ್ತಿತ್ತು. ಎಷ್ಟೋ ಸಲ ಅವಳಿಗೆ ಅನ್ನಿಸಿದ್ದುಂಟು: ಸತ್ತವರನ್ನು ಎಬ್ಬಿಸುತ್ತೇನೆಂದು ಹೋಗಿ ಬದುಕಿದ್ದವನನ್ನೂ ಕಳೆದುಕೊಂಡೆನೇ? ಮುಂದಿನ ವಸಂತದಲ್ಲಿ ಮರಗಳು ಹೂ ಬಿಟ್ಟವು, ಮೀನಿಲ್ಲ. ಅದರ ಮುಂದಿನ ವಸಂತದಲ್ಲೂ ಇಲ್ಲ.

"ಸಾಲ್ಮೆ, ನಿನ್ನ ಮೀನಿಗೆ ದಾರಿ ತಪ್ಪಿರ್ಬೇಕು. ಒಂದು ನಕ್ಷೆ ಬರೆದು ಕಳಿಸು" ಎಂದು ಉರ್ವೆ ರೊಟ್ಟಿ ಸುತ್ತಿ ಕೊಡುತ್ತ ಚುಚ್ಚಿದಳು.

"ಬಂದಾಗ ನಿನ್ನ ಅಂಗಡಿಗೂ ಕರ್ಕೊಂಡು ಬರ್ತೀನಿ. ಸಾಲ ಕೊಡ್ಬೇಡ, ಈಜಿಕೊಂಡು ಓಡಿಹೋಗ್ತವೆ" ಎಂದು ಸಾಲ್ಮೆಯೂ ಬಿಡಲಿಲ್ಲ.

ಅಣ್ಣ ತಮ್ಮಂದಿರ ಜಗಳವಾದರೆ ಹೆಂಡತಿಯರಾದರೂ ನಡುವೆ ಓಡಾಡುತ್ತಾರೆ. ಇಲ್ಲಿ ಹಾಗೆ ಓಡಾಡಬಹುದಾಗಿದ್ದ ಹಿಲ್ಯ ಮಣ್ಣು ಸೇರಿದ್ದಳು. ಬಸ್ಸಿನಲ್ಲಿ ಎದುರಾದರೆ ಎಂಡೆಲ್ ಟೋಪಿ ಎತ್ತುತ್ತಿದ್ದ, ಅಪರಿಚಿತ ಮುದುಕಿಗೆ ಎತ್ತಿದ ಹಾಗೆ. ಅವನು ಬೈದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಮೂರನೆಯ ವಸಂತದಲ್ಲಿ ಸಾಲ್ಮೆಯ ಮಂಡಿ ಕೈಕೊಟ್ಟಿತು. ಮನೆಯಿಂದ ನದಿಯವರೆಗೆ ನಡೆಯಲಾಗದು. ಈ ಸಲ ನೋಡಲಿಕ್ಕೇ ಹೋಗುವುದು ಬೇಡವೆಂದು ಅವಳು ತೀರ್ಮಾನಿಸಿಯೂ ಆಗಿತ್ತು. ಮೇ ತಿಂಗಳ ಒಂದು ಬೆಳಗ್ಗೆ ಬಾಗಿಲು ದಡದಡ ಬಡಿದ ಸದ್ದಾಯಿತು. ತೆರೆದರೆ ಎಂಡೆಲ್. ಮುಖ ತೊಳೆದಿರಲಿಲ್ಲ, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ.

"ನಿದ್ದೆ ಮಾಡಕ್ಕೆ ಬಿಡ್ತಿಲ್ಲ" ಎಂದ. ಎರಡೂವರೆ ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

"ಯಾರೋ?"

"ಯಾರಂತ ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ನದೀಲಿ ಯಾರೋ ನೀರು ಬಡೀತಾರೆ. ಹುಡುಗ್ರು ಕಲ್ಲೆಸೀತಾರೆ ಅಂತ ದೊಣ್ಣೆ ತಗೊಂಡು ಹೋದೆ. ಒಬ್ಬನೂ ಇಲ್ಲ. ಹಳೇ ಕೆರೆ ನಡುವೆ ನೀರೇ ತಾನಾಗಿ ಕುದಿಯೋ ಹಾಗೆ..."

ಸಾಲ್ಮೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಒದ್ದೆ ಬಟ್ಟೆ ಕಲ್ಲಿಗೆ ಒಗೆದ ಹಾಗಾ? ಒಂದಲ್ಲ, ಹತ್ತು ಜನ ಒಟ್ಟಿಗೆ ಒಗೆದ ಹಾಗಾ?"

"ಹ್ಞೂಂ. ನಿನಗೆ ಹ್ಯಾಗೆ ಗೊತ್ತು?"

"ಲೋ ಪೆದ್ದಾ, ನನ್ನ ಕರ್ಕೊಂಡು ನಡಿ."

"ನಿನ್ನ ಮಂಡಿ?"

"ಮಂಡಿ ಹಾಳಾಗ್ಲಿ!"

ಅವನು ಸೌದೆ ಸಾಗಿಸುವ ಕೈಗಾಡಿ ತಂದ. ತೊಗಟೆಚೂರು ಕೊಡವಿ, ಒಂದು ಕಂಬಳಿ ಹಾಸಿ, ಎಪ್ಪತ್ತು ದಾಟಿದ ಅಕ್ಕನನ್ನು ಅದರಲ್ಲಿ ಕೂರಿಸಿದ. ಇಳಿಜಾರಿನಲ್ಲಿ ಗಾಡಿ ಕುಪ್ಪಳಿಸಿದಾಗಲೆಲ್ಲ ಅವಳು ಬೈದಳು, ಅವನೂ ಬೈದ. ಅಂಗಡಿ ತೆರೆಯುತ್ತಿದ್ದ ಉರ್ವೆ ಪೊರಕೆ ಹಿಡಿದು ನಿಂತೇ ಬಿಟ್ಟಳು.

ನದಿ ಹೂಳನ್ನು ಕಳಚಿಕೊಂಡಿತ್ತು. ಕಲ್ಲುಗಳ ನಡುವೆ ಮೊಣಕಾಲುದ್ದದ ತಿಳಿನೀರು ರಭಸದಿಂದ ಓಡುತ್ತಿತ್ತು. ಅದರ ತುಂಬ ವಿಂಬ. ಕಪ್ಪು ಬೆನ್ನು, ಉರಿವ ಕೆಂಡದ ಹೊಟ್ಟೆ. ಒಂದರ ಮೇಲೊಂದು ಏರಿ, ಪಕ್ಕಕ್ಕೆ ಹೊರಳಿ, ಬಾಲದಿಂದ ಹರಳನ್ನು ಬಡಿಯುತ್ತಿದ್ದವು. ನೀರು ಕುದಿಯುತ್ತಿದೆ ಎಂದು ತಮ್ಮ ಹೇಳಿದ್ದು ಸುಳ್ಳಲ್ಲ. ಸಾಲ್ಮೆ ಗಾಡಿಯಲ್ಲಿ ಕೂತಲ್ಲೇ ಅತ್ತಳು. ಸದ್ದು ಮಾಡದೆ ಅಳುವ ಜನ ಅವರು, ಆದರೆ ಅವತ್ತು ಸದ್ದಾಯಿತು.

ಎಂಡೆಲ್ ಟೋಪಿ ತೆಗೆದ. ಅವನು ವಿಂಬವನ್ನು ಕಂಡದ್ದು ತಟ್ಟೆಯಲ್ಲಿ, ಅದೂ ಬೇರೆ ನದಿಯದು. ಬೂಟು ಕಳಚದೆಯೇ ನಿಧಾನ ನೀರಿಗಿಳಿದ. ಮೀನುಗಳು ಬೆದರಲಿಲ್ಲ, ಅವನ ಕಾಲನ್ನು ಎರಡು ಕಡೆಯಿಂದಲೂ ಉಜ್ಜಿಕೊಂಡು ಮೇಲಕ್ಕೆ ಹೋದವು.

"ಅಕ್ಕಾ, ತಳ್ತಾವೆ ಕಣೇ! ನನ್ನ ತಳ್ತಾವೆ!"

"ದಾರಿಗೆ ಅಡ್ಡ ನಿಂತ್ರೆ ತಳ್ದೆ ಮುದ್ದು ಮಾಡ್ತವಾ?"

ಅವನು ನಕ್ಕ. ಬೆನ್ನು ತಿರುಗಿಸಿಕೊಂಡೇ ಹೇಳಿದ: "ಹಿಲ್ಯ ಇದ್ದಿದ್ರೆ ಇಳಿದುಬಿಡ್ತಿದ್ಲು."

"ಇಳೀತಿದ್ಲು. ಮೀನೆಲ್ಲ ಹೆದರಿ ಸಮುದ್ರಕ್ಕೆ ವಾಪಸ್ ಓಡ್ತಿದ್ವು."

ಮತ್ತೆ ನಕ್ಕ. ನಗು ನಡುವೆಯೇ ಒಡೆಯಿತು. "ಇವು ಚೆನ್ನಾಗಿವೆ ಅಕ್ಕಾ, ಇಲ್ಲ ಅನ್ನಲ್ಲ. ಆದ್ರೂ ನನ್ನ ಕೆರೆ ಚೆನ್ನಾಗಿತ್ತು."

ಇಷ್ಟು ವರ್ಷ ಅವಳ ಬಾಯಿಂದ ಹೊರಡದ ಮಾತು ಈಗ ಸಲೀಸಾಗಿ ಹೊರಟಿತು. "ಚೆನ್ನಾಗಿತ್ತು ಕಣೋ. ಬೆಳಗ್ಗೆ ಅವಳು ಈಜೋದನ್ನ ನಾನೂ ಕಿಟಕೀಲಿ ನಿಂತು ನೋಡ್ತಿದ್ದೆ. ಅವಳು ಈಚೆ ದಡ ಮುಟ್ಟೋವರೆಗೂ ಒಲೆ ಹಚ್ತಿರ್ಲಿಲ್ಲ."

"ಯಾವತ್ತೂ ಹೇಳ್ಲೇ ಇಲ್ವಲ್ಲ ನೀನು."

"ನೀನು ಕೇಳ್ಲಿಲ್ಲ."

ಆ ವಾರವೆಲ್ಲ ಎಂಡೆಲ್ ಹಳೆಯ ಕಾವಲುಗಾರನ ಟೋಪಿ ತಲೆಗೇರಿಸಿ ದಂಡೆಯಲ್ಲಿ ತಿರುಗಾಡಿದ. ಯಾರೂ ಹೇಳಿದ್ದಲ್ಲ, ಸಂಬಳವೂ ಇಲ್ಲ. ಮೊಟ್ಟೆಯಿಡುವ ಕಾಲದಲ್ಲಿ ಮೀನು ಹಿಡಿಯಬಾರದೆಂದು ಗೊತ್ತಿದ್ದೂ ಉರ್ವೆಯ ಗಂಡ ಬಲೆ ಹಿಡಿದು ಬಂದಾಗ, ಬಲೆಯನ್ನು ಅವನ ಕೈಗೇ ಸುತ್ತಿ ವಾಪಸು ಕಳಿಸಿದನಂತೆ. ಟ್ರೀನು ಬಂದವಳು ಮೀನಿನ ಮುಂದೆ ಕುಣಿದಾಡಿ, ಎಂಡೆಲನನ್ನು ಅಪ್ಪಿಕೊಳ್ಳಹೋದಳು. "ನನ್ನನ್ನ ಯಾಕೆ? ನಾನು ವಿರುದ್ಧ ಕೈ ಎತ್ತಿದೋನು" ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ.

ಸೆಪ್ಟೆಂಬರಿನಲ್ಲಿ ಎಂಡೆಲ್ ಒಂದು ಕೆಲಸಕ್ಕೆ ಕೈ ಹಾಕಿದ. ಹಿಲ್ಯ ಈಜಿ ಬಂದು ತಲೆ ಒಣಗಿಸಿಕೊಳ್ಳುತ್ತಿದ್ದ ಬೆಂಚು ಹಳೆಯ ಕೆರೆಯಂಚಿನಲ್ಲಿ, ನೀರಿಗೆ ದೂರವಾಗಿ, ಹುಲ್ಲಿನ ನಡುವೆ ನಿಂತಿತ್ತು. ಅದನ್ನು ಕಿತ್ತು ನದಿಯ ಪಕ್ಕ ನೆಡಬೇಕೆಂದುಕೊಂಡ. ಜಾಗ ತೋರಿಸಲು ಅಕ್ಕನನ್ನು ಕರೆದ. ಕೋಲೂರಿಕೊಂಡು ಬಂದ ಸಾಲ್ಮೆ ನೋಡಿದರೆ, ಮಹಾಶಯ ನೀರಿನ ಅಂಚಿಗೇ ಗುಂಡಿ ತೋಡಲು ನಿಂತಿದ್ದ.

"ಅಲ್ಲಲ್ಲ. ಹಿಂದಕ್ಕೆ."

ಅವನು ನಾಲ್ಕು ಹೆಜ್ಜೆ ಸರಿದ.

"ಇನ್ನೂ. ಆ ಮರದ ತನಕ."

"ಅಷ್ಟು ದೂರ ಇಟ್ರೆ ನದಿ ಎಲ್ಲಿ ಹತ್ರ ಇರುತ್ತೆ?"

"ಏಪ್ರಿಲ್ ಬರ್ಲಿ, ಮಂಜು ಕರಗ್ಲಿ, ಅದೇ ನಿನ್ನ ಹತ್ರ ಬರುತ್ತೆ. ಅಪ್ಪ ಹೊಗೆಗೂಡನ್ನ ಯಾಕೆ ಅಷ್ಟು ಮೇಲೆ ಕಟ್ಟಿದ್ರು ಅಂದ್ಕೊಂಡೆ?"

ಎಂಡೆಲ್ ನದಿಯನ್ನೊಮ್ಮೆ, ಮರವನ್ನೊಮ್ಮೆ ನೋಡಿದ. ಕೆರೆಯ ನೀರು ಎಲ್ಲಿಗೆ ನಿಲ್ಲುತ್ತದೆಂದು ಅವನು ಕಣ್ಣುಮುಚ್ಚಿ ಹೇಳಬಲ್ಲವನಾಗಿದ್ದ. ನದಿ ಮಾತ್ರ ಅವನಿಗೆ ಹೊಸದು. ಗೊಣಗುತ್ತ ಬೆಂಚನ್ನು ಹೆಗಲಿಗೇರಿಸಿ ಮರದ ಬುಡಕ್ಕೆ ಹೊತ್ತೊಯ್ದು ಇಳಿಸಿದ. ಗುಂಡಿ ತೋಡುವ ಮೊದಲೇ ಸಾಲ್ಮೆ ಅದರ ಮೇಲೆ ಕೂತು ಕಾಲು ಚಾಚಿದಳು.

"ಏಳೇ ಅಕ್ಕಾ, ಬೆಂಚಿನ ಕಾಲು ನೆಡ್ಬೇಕು."

"ತಡಿ. ಮಂಡಿ ನೋಯ್ತಿದೆ" ಎಂದು ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.