ಮುಂಗಾಜಿನ ಕೆಂಪು ದಾರ

ನಾನು ಕೆಂಪು ಉಣ್ಣೆ ದಾರದ ಒಂದು ತುಂಡು. ಗೇಣುದ್ದ ಇದ್ದೇನೆ. ನನ್ನ ಉಂಡೆಯ ಉಳಿದ ದಾರವೆಲ್ಲ ಯಾವುದೋ ಮಗುವಿನ ಟೋಪಿಯಾಯಿತು. ಕೊನೆಗೆ ಉಳಿದ ನನ್ನನ್ನು ಫ್ಲೋರಾ ಮೇಡಂ ಗ್ಲೈಡರಿನ ಮುಂಗಾಜಿನ ಹೊರಗೆ, ಪೈಲಟ್ಟಿನ ಕಣ್ಣೆದುರಿಗೆ ಟೇಪು ಹಚ್ಚಿ ಅಂಟಿಸಿದರು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಮಂಗಳೂರಿನ ಮೇಡಂ ಬಯಲುಸೀಮೆಯ ಒಂದು ಸಣ್ಣ ಕ್ಲಬ್ಬಿನಲ್ಲಿ ಅದನ್ನು ಹಾರಿಸಲು ಕಲಿಸುತ್ತಿದ್ದರು.

ನನ್ನ ಕೆಲಸ ಸರಳ. ವಿಮಾನ ಗಾಳಿಯಲ್ಲಿ ನೇರವಾಗಿ ಸಾಗುತ್ತಿದ್ದರೆ ನಾನು ನೇರ ಮಲಗಿರುತ್ತೇನೆ. ಅದು ಪಕ್ಕಕ್ಕೆ ಜಾರಿದರೆ ನಾನೂ ಪಕ್ಕಕ್ಕೆ ಹೊರಳುತ್ತೇನೆ. ಒಳಗಿರುವ ದುಬಾರಿ ಮೀಟರುಗಳ ಮುಳ್ಳು ಕೆಲವೊಮ್ಮೆ ಸಿಕ್ಕಿಕೊಳ್ಳುತ್ತದೆ. ನಾನು ಎಂದೂ ತಪ್ಪು ಹೇಳಿಲ್ಲ. ಇದು ಜಂಬವಲ್ಲ, ಕೆಡಲು ನನ್ನೊಳಗೆ ಏನೂ ಇಲ್ಲ.

ನನ್ನನ್ನು ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದವರು ಶ್ರೀಕಂಠ, ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ಒಮ್ಮೆ ಮೇಲೇರುವ ಗಾಳಿ ಸಿಗದೆ ಅವರು ದೂರದ ಶೇಂಗಾ ಹೊಲದಲ್ಲಿ ಇಳಿಸಿದರು. ವಿಮಾನಕ್ಕೆ ಒಂದು ಗೀರೂ ಆಗಲಿಲ್ಲ. ಗ್ಲೈಡರಿಗೆ ಹೀಗೆ ಹೊಲದಲ್ಲಿ ಇಳಿಯುವುದು ಸಹಜ. ಆದರೆ ಕ್ಲಬ್ಬಿನಲ್ಲಿ ಒಂದು ರೂಢಿಯಿತ್ತು. ಹೊಲದಲ್ಲಿ ಇಳಿದವರಿಗೆ ಸಂಜೆ ಚಹಾದ ಹೊತ್ತಿಗೆ, ಗ್ಲೈಡರಿನ ಪಕ್ಕದಲ್ಲೇ ನಿಲ್ಲಿಸಿ, ಆ ಹೊಲದ ಬಳ್ಳಿಯ ಹಾರ ಹಾಕುತ್ತಿದ್ದರು.

"ಏನ್ ಗೌಡ್ರೇ, ಎಷ್ಟು ಎಕ್ರೆ ಉತ್ತು ಬಂದ್ರಿ?" ಎಂದ, ವಿಮಾನವನ್ನು ಹಗ್ಗದಿಂದ ಎಳೆದು ಮೇಲೇರಿಸುವ ಯಂತ್ರದ ನಾಗೇಂದ್ರಪ್ಪ.

"ಇಳಿಸಿದ್ದಕ್ಕೆ ನೂರು ಮಾರ್ಕು, ದಾರಿಗೆ ಸೊನ್ನೆ ಮಾರಾಯ್ರೆ," ಎಂದರು ಫ್ಲೋರಾ ಮೇಡಂ.

ಎಲ್ಲರೂ ನಕ್ಕರು, ಶ್ರೀಕಂಠರೂ ನಕ್ಕರು. ಆಮೇಲೆ ಅವರು ಬಂದಾಗಲೆಲ್ಲ ಕ್ಲಬ್ಬಿನವರು "ಗೌಡ್ರೇ" ಎಂದೇ ಕರೆದರು. ಅವರು ನಗುವುದನ್ನು ಯಾವಾಗ ನಿಲ್ಲಿಸಿದರೋ, ಯಾರೂ ಗಮನಿಸಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಮತ್ತೆ ಗಾಳಿ ಕೈಕೊಟ್ಟಿತು. ಕೆಳಗೆ ಕೊಯ್ದು ಬಯಲಾದ ಜೋಳದ ಹೊಲವಿತ್ತು, ಇಳಿಯಲು ಹೇಳಿ ಮಾಡಿಸಿದಂತೆ. ಶ್ರೀಕಂಠ ಅದನ್ನು ದಾಟಿ ಹೋದರು. "ಇನ್ನೊಂದ್ಸಲ ಗೌಡ ಆಗಲ್ಲ," ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡದ್ದು ಗಾಜಿಗಂಟಿದ್ದ ನನಗೆ ಕೇಳಿಸಿತು.

ರನ್‌ವೇಗೆ ಬರಲು ಕೊನೆಯ ಎಡತಿರುವು ಬಾಕಿಯಿತ್ತು. ಎತ್ತರ ಉಳಿದಿರಲಿಲ್ಲ. ನೆಲ ಹತ್ತಿರವೆಂದು ರೆಕ್ಕೆ ವಾಲಿಸಲು ಹೆದರಿ, ಕಾಲಿನಿಂದ ಎಡ ಪೆಡಲ್ ಒತ್ತಿ ಮೂತಿ ತಿರುಗಿಸಿದರು. ನಾನು ಪೂರ್ತಿ ಎಡಕ್ಕೆ ಹೊರಳಿದೆ. ಅವರ ಕಣ್ಣು ನೆಲದ ಮೇಲಿತ್ತು. ವೇಗ ಕುಂದಿತು, ಎಡರೆಕ್ಕೆಯನ್ನು ಗಾಳಿ ಕೈಬಿಟ್ಟಿತು, ವಿಮಾನ ಸುತ್ತಿಕೊಂಡು ಮೂತಿ ಕೆಳಗಾಗಿ ಬಿತ್ತು. ಶ್ರೀಕಂಠ ಅಲ್ಲೇ ತೀರಿಕೊಂಡರು.

ತನಿಖೆಗೆ ಬಂದವರು ಕಡಿಮೆ ಎತ್ತರ, ಕಡಿಮೆ ವೇಗ, ತಪ್ಪು ತಿರುವು ಎಂದು ಕಾರಣ ಬರೆದರು. ಎಲ್ಲವೂ ನಿಜ. ಕಾರಣ ಎಂಬ ಪದವನ್ನು ನಾನು ಎಚ್ಚರದಿಂದ ಬಳಸುತ್ತೇನೆ. ಅದು ಸಿಕ್ಕ ಕಡೆಯೇ ಮುಗಿಯುವುದಿಲ್ಲ.

ಒಡೆದ ಗಾಜಿನಿಂದ ನನ್ನನ್ನು ಬಿಡಿಸುತ್ತ ಫ್ಲೋರಾ ಮೇಡಂ ಕೇಳಿದರು: "ಅಷ್ಟು ಒಳ್ಳೇ ಹೊಲ ಬಿಟ್ಟು ಯಾಕೆ ಬಂದ್ರು, ನಾಗೇಂದ್ರಪ್ಪ?"

"ಗೊತ್ತಿದ್ದೂ ಕೇಳ್ತೀರಲ್ಲ ಮೇಡಂ."

ಅಂದಿಗೆ ಬಳ್ಳಿಯ ಹಾರ ಹಾಕುವ ರೂಢಿ ನಿಂತಿತು. ಆದರೆ ನಗೆಗೀಡಾಗುವ ಭಯ ಹೋಗಿದೆಯೇ, ಇನ್ನೊಬ್ಬರು ಹೀಗೇ ಸಾಯುವರೇ ಎಂಬುದು ಮೇಡಂ ಅವರನ್ನು ಕಾಡುತ್ತಲೇ ಇತ್ತು. ಕಲಿಯುವವರ ಗ್ಲೈಡರಿಗೆ ನನ್ನನ್ನು ಅಂಟಿಸಿದರು.

ಈಗ ನಾನು ಬಿಸಿಲಿಗೆ ಬಿಳಿಚಿ, ಎಳೆ ಬಿಚ್ಚಿಕೊಂಡು, ಪಾಠದ ಕೋಣೆಯ ಕಿಟಕಿಯಲ್ಲಿದ್ದೇನೆ. ನನ್ನ ಕೊನೆಯ ಹಾರಾಟವೊಂದನ್ನು ಹೇಳಿಬಿಡುತ್ತೇನೆ. ಯಶೋಮತಿ ಎಂಬ ಹುಡುಗಿ ಒಬ್ಬಳೇ ಹಾರಿದ್ದಳು. ಗಾಳಿ ಸತ್ತಿತು. ರನ್‌ವೇ ಕಣ್ಣಿಗೆ ಕಾಣುತ್ತಿತ್ತು. ಆದರೂ ಅವಳು ಎತ್ತರ ಉಳಿದಿರುವಾಗಲೇ ಒಂದು ಖಾಲಿ ಹೊಲ ಆರಿಸಿದಳು. ನೆಲ ಮುಟ್ಟುವವರೆಗೂ ನಾನು ನೇರವಾಗಿಯೇ ಇದ್ದೆ.

ಮಣ್ಣಿನ ಹೆಂಟೆ ಎಡವುತ್ತ ಮೇಡಂ ಓಡಿಬಂದರು. ಹುಡುಗಿ ಇಳಿಯದೆ ಕೂತಿದ್ದಳು.

"ಎಲ್ರೂ ನಗ್ತಾರಾ ಮೇಡಂ?"

"ನಗ್ಲಿ ಮಾರಾಯ್ತಿ. ಆ ನಗು ಕೇಳ್ಲಿಕ್ಕೆ ನೀನಿದ್ದೀಯಲ್ಲ."

ಯಶೋಮತಿ ಬೆಲ್ಟ್ ಬಿಚ್ಚಿ ಹೊಲದೊಳಗೆ ಕಾಲಿಟ್ಟಳು.