ಉಪ್ಪು ಕಮ್ಮಿ

ನಾಲ್ಕೇ ದಿನದಲ್ಲಿ ಅಪ್ಪನ ತೂಕ ಮೂರು ಕಿಲೋ ಏರಿತ್ತು. ನಾನು ಮೊರಪ್ಪೂರಿನ ಶಾಲೆಯಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಅಪ್ಪನ ಹೃದಯ ದುರ್ಬಲವಾದಾಗಿನಿಂದ ಪ್ರತಿ ಶನಿವಾರ ಬೆಳಗಿನ ರೈಲಿಗೆ ಸೇಲಂಗೆ ಬಂದವಳೇ, ನೀರು ಸೇರಿದೆಯೇ ಎಂದು ಅವರ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಆ ದಿನ ಬಿದ್ದ ಗುಳಿ ಬೇಗ ತುಂಬಿಕೊಳ್ಳಲಿಲ್ಲ.

"ಮಾತ್ರೆ ಬಿಟ್ರಾ ಅಪ್ಪಾ?"

"ಒಂದೂ ಬುಟ್ಟಿಲ್ಲ. ನಿಮ್ಮವ್ವ ಪೋಲೀಸಿನಂಗೆ ನಿಂತವ್ಳೆ."

ರಕ್ತ ಕೊಟ್ಟು ಬಂದೆವು. ಮಧ್ಯಾಹ್ನ ಡಾಕ್ಟರ ಫೋನು ಬಂತು: ಬಿಎನ್‌ಪಿ ಹೋದ ತಿಂಗಳಿನ ಎರಡರಷ್ಟಾಗಿದೆ, ನೀರಿಳಿಯುವ ಮಾತ್ರೆ ಹೆಚ್ಚಿಸಿ, ಸೋಮವಾರಕ್ಕೂ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಿ.

"ಅದೇನದು?" ಎಂದರು ಅಪ್ಪ.

"ಹೃದಯವೇ ಮಾಡುವ ಹಾರ್ಮೋನು. ಮೈಯಲ್ಲಿ ನೀರು ಹೆಚ್ಚಾಗಿ ಹೃದಯದ ಗೋಡೆ ಹಿಗ್ಗಿದಾಗ, ಉಪ್ಪನ್ನೂ ನೀರನ್ನೂ ಹೊರಗೆ ಬಿಡು ಅಂತ ಕಿಡ್ನಿಗೆ ಹೇಳಿಕಳಿಸುತ್ತದೆ. ನಿಮ್ಮದು ಜೋರಾಗಿ ಕೂಗುತ್ತಿದೆ. ಕಿಡ್ನಿಗೆ ಕೇಳಿಸುತ್ತಿಲ್ಲ."

"ಓ, ಮಗ್ಗದಾಗೆ ಹಾಸುನೂಲು ಬಿಗಿಯಾದಂಗೆ."

ನಾನು ಚಿಕ್ಕವಳಿದ್ದಾಗಿನ ಗುಗೈಯ ನೇಕಾರರ ಬೀದಿ ಕಣ್ಣಿಗೆ ಬಂತು. ಬಿಸಿಲೇರುವ ಮುಂಚೆ ಬೀದಿಯುದ್ದಕ್ಕೂ ಮಗ್ಗದ ನೂಲು ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಅಪ್ಪ ನನ್ನ ಬೆರಳು ಹಿಡಿದು ನೂಲು ಮೀಟಿಸುತ್ತಿದ್ದರು. "ಕೇಳ್ದಾ? ಕಿತ್ತೋಗೋಕೆ ಮುಂಚೆ ನೂಲೇ ಕೂಗ್ತದೆ." ಗಂಜಿಯ ಆ ಹುಳಿವಾಸನೆ ಈಗ ಆ ಬೀದಿಯಲ್ಲಿಲ್ಲ.

ಆದರೆ ಈ ನೀರು ಬಂದದ್ದೆಲ್ಲಿಂದ? ಅಪ್ಪ ಕುಡಿಯುವ ನೀರಿಗೆ ದಿನಕ್ಕಿಷ್ಟೇ ಎಂದು ಗೆರೆ ಹಾಕಿದ ಬಾಟಲಿ ಇತ್ತು. ಅದರ ಲೆಕ್ಕವೂ ಸರಿಯಾಗಿತ್ತು.

ಊಟಕ್ಕೆ ಕುಳಿತೆವು. ಮುದ್ದೆಯ ಮೊದಲ ತುತ್ತು ಸೊಪ್ಪಿನ ಸಾರಿಗೆ ಅದ್ದಿ ಬಾಯಿಗಿಟ್ಟೆ. ನಾಲಿಗೆ ಚುರ್ರೆಂದಿತು.

"ಅವ್ವಾ, ಎಷ್ಟು ಉಪ್ಪು ಹಾಕಿದೀಯ?"

"ಆಸ್ಪತ್ರೆ ನರ್ಸಮ್ಮ ಮಂಗಳವಾರ ಫೋನ್ ಮಾಡಿದ್ಲು ಕಣಮ್ಮಾ. 'ಉಪ್ಪು ಕಮ್ಮಿ, ಉಪ್ಪು ಕಮ್ಮಿ' ಅಂತ ಎರಡು ಸಲ ಅಂದ್ಲು. ಅದ್ಕೇ ಒಂದ್ ಚಮಚ ಜಾಸ್ತಿ ಆಕ್ತಿವ್ನಿ."

ನನಗೆ ಕೋಪ ಬರಲಿಲ್ಲ. ಆ ಎರಡು ಮಾತಿಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಅರ್ಥ. ನಲವತ್ತು ವರ್ಷ ಅಪ್ಪ ಮೊದಲ ತುತ್ತು ನುಂಗಿ "ಉಪ್ಪು ಕಮ್ಮಿ" ಅನ್ನುವುದು, ಅವ್ವ ಚಿಟಿಕೆ ಹಾಕುವುದು. ಜಗಳವಾದ ದಿನ ಅವಳು ಬೇಕೆಂದೇ ಕಮ್ಮಿ ಹಾಕುತ್ತಿದ್ದಳು. ಅಪ್ಪ ಬಾಯಿ ಬಿಡಲೇಬೇಕಲ್ಲ.

ಕಡಿಮೆ ಮಾಡಿ ಎಂದು ನರ್ಸ್ ಹೇಳಿದ್ದು ಅಂತ ತಿಳಿಸಿದೆ. ಅವ್ವನ ಕೈಯ ಸೌಟು ಪಾತ್ರೆಗೆ ಬಿತ್ತು. "ಅಯ್ಯೋ, ನಾನೇ ಕೊಂದ್ಬುಡ್ತಿದ್ನಲ್ಲ!"

"ಬುಡೇ ವಳ್ಳಿ," ಎಂದರು ಅಪ್ಪ. "ನಲವತ್ತು ವರ್ಸದಾಗೆ ಈ ವಾರವೇ ನೀನು ಸರಿಯಾಗಿ ಆಕಿದ್ದು. ಅದ್ಕೇ ಸುಮ್ಕಿದ್ದೆ."

ಉಪ್ಪಿನ ಭರಣಿಯನ್ನು ಅಟ್ಟದ ಮೇಲಿಟ್ಟೆ. ರಜೆ ಹಾಕಿ ಉಳಿದೆ. ಸೋಮವಾರ ಬೆಳಿಗ್ಗೆ ತೂಕದ ಮುಳ್ಳು ಎರಡು ಕಿಲೋ ಕೆಳಗಿತ್ತು. ಮೂರು ಸಲ ನಿಲ್ಲಿಸಿ ನೋಡಿದೆ. ಆಸ್ಪತ್ರೆ ಬೇಡ ಎಂದರು ಡಾಕ್ಟರು.

ಮಧ್ಯಾಹ್ನ ಅಪ್ಪ ಸಪ್ಪೆ ಸಾರಿನಲ್ಲಿ ಮಾತಿಲ್ಲದೆ ಉಣ್ಣುತ್ತಿದ್ದರು. ಅವ್ವ ನಾಲ್ಕು ತುತ್ತಿನವರೆಗೆ ಕಾದಳು.

"ಏನ್ರೀ, ಬಾಯಿಗೆ ಬೀಗ ಆಕೊಂಡ್ರಾ? ಅನ್ನಿ ಒಂದ್ಸಲ."

ಅಪ್ಪ ನನ್ನ ಮುಖ ನೋಡಿದರು. "ಉಪ್ಪು ಕಮ್ಮಿ."

ಅವ್ವನ ಕೈ ತಾನಾಗಿ ಭರಣಿಯಿದ್ದ ಜಾಗಕ್ಕೆ ಹೋಯಿತು. ಅಲ್ಲಿ ನಿಂಬೆಹೋಳಿತ್ತು. ಅದನ್ನೇ ಹಿಂಡಿದಳು.

"ಗೊತ್ತೈತೆ. ಉಣ್ಣಿ."