ನೀರು ಬೇಡದ ಹನ್ನೆರಡು ಸಸಿ

ಸಸಿತೋಟದಲ್ಲಿ ಅವಳಿಗೆ ‘ಕಲ್ಲಕ್ಕ’ ಎಂದು ಹೆಸರು ಬಿದ್ದದ್ದು ಈಚೆಗೆ. ಉಳಿದವರು ಗೊಬ್ಬರ ಹೊತ್ತರೆ ಇವಳು ಊರಾಚೆಯ ಗುಡ್ಡದಿಂದ ಚೀಲಗಟ್ಟಲೆ ಕಲ್ಲು ಹೊತ್ತಳು. ಆ ಗುಡ್ಡದ ಬಂಡೆ ಸಂದಿಗಳಲ್ಲಿ ಮಾತ್ರ ಬೆಳೆಯುವ ಮುಳ್ಳುಪೊದೆಯೊಂದಿತ್ತು. ಬೇರೆ ಗಿಡ ಬಾಡುವ ಬೇಸಿಗೆಯಲ್ಲೇ ಅದಕ್ಕೆ ಮೈತುಂಬ ಹಳದಿ ಹೂ. ಈಗ ರಸ್ತೆಗೆಂದು ಗುಡ್ಡ ಸಪಾಟಾಗಿತ್ತು. ಉಳಿದದ್ದು ಅವಳು ತಂದ ಹನ್ನೆರಡು ಸಸಿ. ಇವು ಹೋದರೆ ಆ ಪೊದೆಯ ವಂಶವೇ ಹೋದಂತೆ.

ಹೋದ ವರ್ಷ ಇದೇ ಪೊದೆಯ ನಲವತ್ತು ಸಸಿ ಕೊಂದವಳೂ ಅವಳೇ. ಕಪ್ಪು ಮಣ್ಣು, ಗೊಬ್ಬರ, ಎರಡು ಹೊತ್ತು ನೀರು. ತೋಟದವರಿಗೆ ಬರುವ ಪ್ರೀತಿ ಅಷ್ಟೇ. ತಿಂಗಳೊಳಗೆ ಬೇರು ಕೊಳೆತು ನಲವತ್ತೂ ನೆಲಕಚ್ಚಿದವು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಬಾಯಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಈ ಸಲ ಬರೀ ಕಲ್ಲಿನ ಪಾತಿ, ಹದಿನೈದು ದಿನಕ್ಕೆ ಅರ್ಧ ಚೊಂಬು ನೀರು. ಎಲೆಯೆಲ್ಲ ಉದುರಿ ಕಡ್ಡಿ ಉಳಿಯಿತು.

“ಸತ್ತ ಕಡ್ಡಿಗೆ ಜಾಗ ಕೊಡೋಕಾಗಲ್ಲ. ಸೋಮವಾರ ಕಿತ್ತು ಹಾಕ್ತೀನಿ” ಎಂದ ಸೂಪರ್‌ವೈಸರ್.

ಶನಿವಾರ ಅವಳ ತಂಗಿ, ಅದೇ ತೋಟದಲ್ಲಿ ಗುಲಾಬಿ ನೋಡಿಕೊಳ್ಳುವವಳು, ನೀರಿನ ಕ್ಯಾನು ಹಿಡಿದು ಕಳ್ಳಹೆಜ್ಜೆಯಲ್ಲಿ ಬಂದಳು.

“ಅಕ್ಕಾ, ಒಂದೇ ಗುಟುಕು! ನೋಡೋಕಾಗ್ತಿಲ್ಲ ಕಣೇ.”

“ನೋಡಬೇಡ. ಕ್ಯಾನು ಕೊಡಿಲ್ಲಿ.”

“ನಿನ್ನ ಎದೆಯೇನು ಕಲ್ಲಾ?”

“ಹೂಂ. ಸುಮ್ಮನೆ ಆ ಹೆಸರಿಟ್ರಾ?”

ಅಕ್ಕ ಆ ನೀರನ್ನು ಗುಲಾಬಿಗೆ ಸುರಿದು, ಕ್ಯಾನು ಬೋರಲು ಹಾಕಿ, ಪಾತಿಯ ಪಕ್ಕದಲ್ಲೇ ಅದರ ಮೇಲೆ ಕೂತಳು. ನಿಜ ಹೇಳಬೇಕೆಂದರೆ ಕಾವಲು ತಂಗಿಗಲ್ಲ, ತನ್ನ ಕೈಗೇ. ಒಣಗಿದ ಕಡ್ಡಿ ನೋಡಿದಾಗಲೆಲ್ಲ ಅದು ಚೊಂಬಿನತ್ತ ಚಾಚುತ್ತಿತ್ತು. ಆದರೂ ಜಪ್ಪಯ್ಯ ಎಂದರೂ ಏಳಲಿಲ್ಲ. ಭಾನುವಾರವೂ ಬಂದು ಕೂತಳು.

ಸೋಮವಾರ ಸೂಪರ್‌ವೈಸರ್ ಮೊದಲ ಕಡ್ಡಿಗೆ ಕೈಹಾಕಿ ಎಳೆದ. ಬರಲಿಲ್ಲ. ಹಲ್ಲುಕಚ್ಚಿ ಎಳೆದ. ಸುತ್ತಲ ಕಲ್ಲು ಅಲುಗಿದವೇ ಹೊರತು ಬೇರು ಹಿಡಿತ ಬಿಡಲಿಲ್ಲ. “ಅಯ್ಯಪ್ಪಾ!” ಎಂದು ರಕ್ತ ಬಂದ ಬೆರಳನ್ನು ಬಾಯಿಗಿಟ್ಟುಕೊಂಡ.

ಅವಳು ಬಗ್ಗಿ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರು. ಎರಡನೆಯದು ಕೆರೆದಳು, ಮೂರನೆಯದು. ಹನ್ನೆರಡೂ ಹಸಿರು. ತಡೆಯಲಾರದೆ ಅತ್ತೇಬಿಟ್ಟಳು.

“ಇನ್ನೆಷ್ಟು ದಿನ ಬೇಕು?” ಬೆರಳು ಚೀಪುತ್ತಲೇ ಕೇಳಿದ ಅವನು.

“ಬೇಸಿಗೆ ಬರಲಿ, ಸಾರ್. ಹೂವೇ ಹೇಳುತ್ತೆ.”

ಅವನು ಗೊಣಗುತ್ತಾ ಹೋದ. ಗುಲಾಬಿ ಪಾತಿಯಿಂದ ಎಲ್ಲ ನೋಡುತ್ತಿದ್ದ ತಂಗಿ ತನ್ನ ಕ್ಯಾನಿನಲ್ಲಿದ್ದ ನೀರನ್ನೆಲ್ಲ ಗುಲಾಬಿಗೆ ಸುರಿದು ಬಂದಳು. ಅದನ್ನು ಬೋರಲು ಹಾಕಿ ಅಕ್ಕನ ಪಕ್ಕ ಕೂತಳು.

“ನೀನು ಹೋಗಿ ಊಟ ಮಾಡಿ ಬಾ, ಅಕ್ಕ” ಎಂದಳು. “ನಾನು ನೋಡ್ಕೋತೀನಿ.”